ಮೈನಸ್ 15ರಲ್ಲಿ ಸೈಕಲ್ ಮೇಲೆ ಕಚೇರಿಗೆ: ಬೆರಳು ಮರಗಟ್ಟುತ್ತದೆ, ಬೆನ್ನು ಬೆವರುತ್ತದೆ

ನದಿಯಾಚೆಯವನು

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು. ಕಳೆದ ಬೇಸಿಗೆಯಲ್ಲಿ ಕೆಲಸದ ನಿಮಿತ್ತ ಫಿನ್‌ಲ್ಯಾಂಡಿನ ಔಲು ನಗರಕ್ಕೆ ಬಂದು ನೆಲೆಸಿದ್ದೇನೆ. ಮನೆ ಊರಿನ ದಕ್ಷಿಣದ ಕೌಕೊವೈನಿಯೊದಲ್ಲಿದೆ, ಕಚೇರಿ ಉತ್ತರದ ಲಿನ್ನನ್‌ಮಾದಲ್ಲಿದೆ. ನಡುವೆ ಔಲುಯೋಕಿ ನದಿಯನ್ನು ದಾಟಿಕೊಂಡು ಸುಮಾರು 8 ಕಿ.ಮೀ. ದೂರ. ಇಲ್ಲಿ ಶಾಲೆಯ ಮಕ್ಕಳು, ನಿವೃತ್ತರು, ಹಿಂದೆ ಮುಂದೆ ದಿನಸಿ ಹೇರಿಕೊಂಡ ಗೃಹಿಣಿಯರು ಎಲ್ಲರೂ ಜನವರಿಯಲ್ಲೂ ಸೈಕಲ್ ತುಳಿಯುವುದನ್ನು ನೋಡಿ, ನಾನೂ ಬಸ್ ಪಾಸ್ ನವೀಕರಿಸದೆ ಸೈಕಲನ್ನೇ ಹಿಡಿದೆ.

ಮೈನಸ್ 5ರವರೆಗೆ ಹೇಗೋ ನಡೆಯುತ್ತಿತ್ತು. ಈ ವಾರ ಮೈನಸ್ 15ಕ್ಕೆ ಇಳಿದಿದೆ. ಸೇತುವೆ ತಲುಪುವಷ್ಟರಲ್ಲಿ ಕೈಬೆರಳ ತುದಿಗಳು ಸೂಜಿ ಚುಚ್ಚಿದಂತೆ ನೋಯಲಾರಂಭಿಸಿ, ಬಳಿಕ ಅವು ಇವೆಯೋ ಇಲ್ಲವೋ ಎಂಬುದೇ ತಿಳಿಯದಂತಾಗುತ್ತದೆ. ಕಾಲ್ಬೆರಳುಗಳದ್ದೂ ಅದೇ ಪಾಡು. ಆದರೆ ಕಚೇರಿಯಲ್ಲಿ ಜಾಕೆಟ್ ಕಳಚಿದರೆ ಅಂಗಿಯ ಬೆನ್ನು ಹಿಂಡುವಷ್ಟು ಒದ್ದೆಯಾಗಿರುತ್ತದೆ, ಅರ್ಧ ಗಂಟೆಯೊಳಗೆ ಆ ಒದ್ದೆಯೇ ಮೈ ನಡುಗಿಸುತ್ತದೆ. ನಾನು ಹತ್ತಿಯ ಬನಿಯನ್, ತುಂಬುತೋಳಿನ ಅಂಗಿ, ಸ್ವೆಟರ್, ಅದರ ಮೇಲೆ ಮೊಣಕಾಲು ಮುಟ್ಟುವ ದಪ್ಪ ಡೌನ್ ಜಾಕೆಟ್ ಹಾಕುತ್ತೇನೆ. ಕೈಗೆ ಚರ್ಮದ ಗ್ಲೌಸ್, ಕಾಲಿಗೆ ಎರಡು ಜೊತೆ ಕಾಲುಚೀಲ ಮತ್ತು ಸಾಮಾನ್ಯ ಶೂ. ಇನ್ನೇನು ಹಾಕಬೇಕು ಎಂದು ಕೇಳಬೇಕೋ, ಯಾವುದನ್ನು ಬಿಡಬೇಕು ಎಂದು ಕೇಳಬೇಕೋ ತಿಳಿಯುತ್ತಿಲ್ಲ. ಅನುಭವಸ್ಥರು ದಯವಿಟ್ಟು ತಿಳಿಸಿ.

ಬೆಂಗಳೂರು ಬೆಚ್ಚಗೆ

ಬಸ್ ಪಾಸ್ ನವೀಕರಿಸಬೇಕು.

ಮಿನಿಯಾಪೊಲಿಸ್ ಮಂಜ

ಮೇಲಿನವರನ್ನು ಕಡೆಗಣಿಸಿ, ಹದಿನೈದು ಡಿಗ್ರಿಗೇ ಮಂಕಿ ಟೋಪಿ ಹುಡುಕುವ ಊರಿನವರು ಅವರು.

ನಿಮ್ಮ ಪಟ್ಟಿಯಲ್ಲಿ ಮೊದಲು ಬಿಡಬೇಕಾದದ್ದು ಡೌನ್ ಜಾಕೆಟ್, ಎರಡನೆಯದು ಹತ್ತಿಯ ಬನಿಯನ್. ಡೌನ್ ಜಾಕೆಟ್ ಇರುವುದು ಬಸ್ಸಿಗಾಗಿ ಕಾದು ನಿಲ್ಲುವವರಿಗೆ. ತುಳಿಯುವಾಗ ನಮ್ಮ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ಸೇರುವುದು ಹೆಚ್ಚೆಂದರೆ ಕಾಲು ಭಾಗ, ಉಳಿದದ್ದೆಲ್ಲ ಶಾಖವಾಗಿಯೇ ಹೊರಬರುತ್ತದೆ; ಪೆಡಲಿಗೆ 100 ವ್ಯಾಟ್ ಕೊಡುವವನ ಮೈಯಲ್ಲಿ 300 ವ್ಯಾಟಿಗೂ ಮೇಲ್ಪಟ್ಟು ಶಾಖ ಹುಟ್ಟುತ್ತಿರುತ್ತದೆ. ಅಷ್ಟನ್ನೂ ಗರಿ ತುಂಬಿದ ಚೀಲದೊಳಗೆ ಕಟ್ಟಿಟ್ಟರೆ ಬೆವರದೆ ಇನ್ನೇನಾದೀತು? ಹತ್ತಿಯಾದರೋ ಆ ಬೆವರನ್ನು ಕುಡಿದು ಚರ್ಮಕ್ಕೆ ಅಂಟಿಕೊಂಡೇ ಕೂರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ಕಚೇರಿಯಲ್ಲಿ ನೀವು ಏಕೆ ನಡುಗುತ್ತೀರಿ ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೈನಸ್ 15ಕ್ಕೆ ನಾನು ಹಾಕುವುದು ಇಷ್ಟೇ: ಚರ್ಮಕ್ಕೆ ಒತ್ತಿಕೊಳ್ಳುವ ತೆಳುವಾದ ಮೆರಿನೊ ಉಣ್ಣೆಯ ಒಳಂಗಿ, ಅದರ ಮೇಲೆ ತೆಳುವಾದ ಫ್ಲೀಸ್, ಎಲ್ಲಕ್ಕೂ ಮೇಲೆ ಗಾಳಿ ತಡೆಯುವ, ಕಂಕುಳಲ್ಲಿ ಜಿಪ್ ಇರುವ ಅಸ್ತರಿಲ್ಲದ ಜಾಕೆಟ್. ಮನೆಯ ಬಾಗಿಲು ದಾಟಿದಾಗ ಮೈಗೆ ಚಳಿ ಎನಿಸಲೇಬೇಕು. ಬಾಗಿಲಲ್ಲೇ ಬೆಚ್ಚಗಿದ್ದರೆ ನೀವು ಒಂದು ಪದರ ಹೆಚ್ಚು ಹಾಕಿದ್ದೀರಿ ಎಂದೇ ಅರ್ಥ. ಹತ್ತು ನಿಮಿಷ ತಾಳಿಕೊಂಡರೆ ಎಲ್ಲ ಸಮವಾಗುತ್ತದೆ.

ಐಂಡ್‌ಹೋವನ್ ಅಮ್ಮ

ಹತ್ತು ನಿಮಿಷ ತಾಳಿಕೊಳ್ಳುವ ಮಾತು ನಿಮಗೆ ಸರಿ, ಎಲ್ಲರಿಗೂ ಅಲ್ಲ. ನಾನು ಬೆಳಗ್ಗೆ ಮಗಳನ್ನು ಹಿಂದಿನ ಆಸನದಲ್ಲಿ ಕೂರಿಸಿಕೊಂಡು ಡೇಕೇರ್‌ಗೆ ಬಿಟ್ಟು ಕೆಲಸಕ್ಕೆ ಹೋಗುತ್ತೇನೆ. ತುಳಿಯುವವಳು ನಾನು, ನನಗೆ ಶಾಖ ಹುಟ್ಟುತ್ತದೆ. ಮಗು ಅಲ್ಲಾಡದೆ ಕುಳಿತಿರುತ್ತದೆ, ಅದಕ್ಕೆ ಶಾಖ ಹುಟ್ಟುವುದಿಲ್ಲ. ಹೊಸದಾಗಿ ಬಂದ ಎಷ್ಟೋ ತಂದೆತಾಯಿಗಳು ತಮ್ಮ ಮೈಯ ಬಿಸಿಯನ್ನೇ ಅಳತೆಗೋಲು ಮಾಡಿಕೊಂಡು ಮಗುವಿಗೂ ಅಷ್ಟೇ ಬಟ್ಟೆ ಹಾಕುತ್ತಾರೆ. ಮಂಜ ಅವರು ಬೇಡವೆಂದ ಆ ದಪ್ಪ ಜಾಕೆಟ್ ನಿಜವಾಗಿ ಬೇಕಾಗಿರುವುದು ಹಿಂದೆ ಕುಳಿತ ಮಗುವಿಗೆ. ನನ್ನ ಅತ್ತೆ ಗದಗದಿಂದ ಉಣ್ಣೆಯ ಕುಂಚಿಗೆ ಹೊಲಿಸಿ ಕಳಿಸಿದ್ದಾರೆ. ತಲೆ, ಕಿವಿ, ಕುತ್ತಿಗೆ, ಬೆನ್ನು ಎಲ್ಲವನ್ನೂ ಒಂದೇ ಏಟಿಗೆ ಮುಚ್ಚುವ ಇಂಥ ಉಡುಪನ್ನು ನಾನು ಇಲ್ಲಿನ ಅಂಗಡಿಗಳಲ್ಲಿ ನೋಡಿಲ್ಲ. ಹೆಲ್ಮೆಟ್ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ ಎಂಬುದೊಂದೇ ತಕರಾರು. ಆದ್ದರಿಂದ ಹೆಲ್ಮೆಟ್ ಕೆಳಗೆ ತೆಳುವಾದ ಉಣ್ಣೆ ಟೋಪಿ, ಇಳಿದ ಮೇಲೆ ಕುಂಚಿಗೆ ಎಂಬ ಒಪ್ಪಂದಕ್ಕೆ ಬಂದಿದ್ದೇವೆ.

ಲೆಕ್ಕದ ಮೇಷ್ಟ್ರು

ಮೂಲ ಪ್ರಶ್ನೆಯಲ್ಲಿ ಸೇತುವೆಯ ಮೇಲೆ ಕೈ ಮರಗಟ್ಟುತ್ತದೆ ಎಂದಿದ್ದಾರೆ. ಅದಕ್ಕೆ ಗಾಳಿಯೇ ಕಾರಣ. ಕೆನಡಾ ಮತ್ತು ಅಮೆರಿಕದ ಹವಾಮಾನ ಇಲಾಖೆಗಳು 2001ರಿಂದ ಬಳಸುತ್ತಿರುವ ಸೂತ್ರದ ಪ್ರಕಾರ, ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 20 ಕಿ.ಮೀ. ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಮೈನಸ್ 18ರಷ್ಟು ಚಳಿಯ ಅನುಭವವಾಗುತ್ತದೆ. ಗಾಳಿಯೇ ಇಲ್ಲದ ದಿನವೂ ಸೈಕಲ್ ಸವಾರ 20ರ ವೇಗದಲ್ಲಿ ಹೋದರೆ ಅಷ್ಟು ಗಾಳಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಾನೆ.

ಕ್ಯಾಲ್ಗರಿ ಕಾಕಾ

ಮೇಷ್ಟ್ರೇ, ಒಂದು ತಿದ್ದುಪಡಿ. ಆ ಸೂತ್ರದಲ್ಲಿರುವ ಗಾಳಿಯ ವೇಗ ನೆಲದಿಂದ 10 ಮೀಟರ್ ಎತ್ತರದಲ್ಲಿ ಅಳೆದದ್ದು. ಮುಖದ ಮಟ್ಟಕ್ಕೆ ಬರುವಾಗ ಗಾಳಿ ಅದರ ಮೂರನೆಯ ಎರಡು ಭಾಗದಷ್ಟಾಗುತ್ತದೆ ಎಂದು ಸೂತ್ರವೇ ಒಳಗೊಳಗೆ ಲೆಕ್ಕ ಹಾಕಿಕೊಂಡಿರುತ್ತದೆ. ಸವಾರನ 20 ಕಿ.ಮೀ. ವೇಗವಾದರೋ ನೇರವಾಗಿ ಮುಖಕ್ಕೇ ಬಡಿಯುವಂಥದ್ದು. ಆದ್ದರಿಂದ ಸೂತ್ರದಲ್ಲಿ ಹಾಕಬೇಕಾದದ್ದು 20 ಅಲ್ಲ, 30. ಹಾಗೆ ಹಾಕಿದರೆ ಮೈನಸ್ 18ರ ಬದಲು ಮೈನಸ್ 20 ಆಗುತ್ತದೆ.

ಇದರ ಜೊತೆಗೆ, ಈ ಲೆಕ್ಕ ತೆರೆದ ಚರ್ಮಕ್ಕೆ ಮಾತ್ರ ಅನ್ವಯಿಸುತ್ತದೆ. ಗಾಳಿ ಒಳಗೆ ನುಗ್ಗದ ಬಟ್ಟೆ ತೊಟ್ಟವನಿಗೆ ಥರ್ಮಾಮೀಟರಿನ ಮೈನಸ್ 10ರ ಗೊಡವೆ ಸಾಕು. ಸುದ್ದಿವಾಹಿನಿಗಳು ಹೇಳುವ ದೊಡ್ಡ ಸಂಖ್ಯೆಯನ್ನು ಕೇಳಿ ಸ್ವೆಟರ್ ಮೇಲೆ ಸ್ವೆಟರ್ ಹಾಕುವುದಕ್ಕಿಂತ ಮೂಗು ಮತ್ತು ಕೆನ್ನೆಯನ್ನು ಮುಚ್ಚುವುದು ಲೇಸು.

ಲೆಕ್ಕದ ಮೇಷ್ಟ್ರು

ಎರಡು ಡಿಗ್ರಿಗಾಗಿ ಒಂದು ಪ್ಯಾರಾ ಬರೆದಿದ್ದೀರಿ. ಆದರೂ ನೀವು ಹೇಳಿದ್ದು ಸರಿ.

ಸಾಗರದ ವೈದ್ಯೆ

ಕೈಬೆರಳಿನ ವಿಷಯಕ್ಕೆ ಬರೋಣ. ಮೈಯ ನಡುಭಾಗ ತಣ್ಣಗಾಗುವ ಸೂಚನೆ ಸಿಕ್ಕ ಕೂಡಲೇ ದೇಹವು ಕೈಕಾಲುಗಳ ರಕ್ತನಾಳಗಳನ್ನು ಕಿರಿದಾಗಿಸಿ, ಬಿಸಿರಕ್ತವನ್ನು ಎದೆ ಮತ್ತು ಹೊಟ್ಟೆಯ ಕಡೆಗೆ ಉಳಿಸಿಕೊಳ್ಳುತ್ತದೆ. ಬೆರಳಿನಲ್ಲಿ ತನ್ನದೇ ಶಾಖ ಹುಟ್ಟಿಸುವ ಸ್ನಾಯು ಇಲ್ಲವೆಂದೇ ಹೇಳಬಹುದು, ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಬಹಳ ಹೆಚ್ಚು. ಹೀಗಾಗಿ ರಕ್ತ ಕಡಿಮೆಯಾದೊಡನೆ ಅದು ಸೋಲುತ್ತದೆ. ಸೈಕಲ್ ಸವಾರನಲ್ಲಿ ತೊಡೆಗಳು ದುಡಿಯುತ್ತವೆ, ಬೆರಳುಗಳು ಹ್ಯಾಂಡಲ್ ಹಿಡಿದು ಅಲ್ಲಾಡದೆ ಗಾಳಿಗೆ ಒಡ್ಡಿಕೊಂಡಿರುತ್ತವೆ.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಎದೆ, ಕುತ್ತಿಗೆ ಮತ್ತು ಮಣಿಕಟ್ಟು ಬೆಚ್ಚಗಿದ್ದರೆ ಬೆರಳಿಗೂ ರಕ್ತ ಬರುತ್ತದೆ. ಜಾಕೆಟ್ಟಿನ ತೋಳು ಮತ್ತು ಗ್ಲೌಸಿನ ನಡುವೆ ಇರುವ ಎರಡು ಬೆರಳಗಲದ ಸಂದಿ ಎಷ್ಟು ಶಾಖವನ್ನು ಕದಿಯುತ್ತದೆ ಎಂಬುದನ್ನು, ಅದನ್ನು ಮುಚ್ಚಿ ನೋಡಿದವರೇ ಬಲ್ಲರು. ಇನ್ನೊಂದು, ಬಿಗಿಯಾದ ಯಾವುದೂ ಶತ್ರುವೇ. ಎರಡು ಜೊತೆ ಕಾಲುಚೀಲವನ್ನು ಮಾಮೂಲಿ ಶೂವಿನೊಳಗೆ ತುರುಕಿದ್ದೀರಲ್ಲ, ಅದು ಪಾದವನ್ನು ಒತ್ತಿ ರಕ್ತಸಂಚಾರವನ್ನು ತಡೆಯುತ್ತದೆ, ಕಾಲುಚೀಲದ ಎಳೆಗಳ ನಡುವೆ ಇರಬೇಕಾದ ಗಾಳಿಯನ್ನೂ ಹಿಂಡಿ ಹಾಕುತ್ತದೆ. ಒಂದೇ ಜೊತೆ ದಪ್ಪ ಉಣ್ಣೆಯ ಕಾಲುಚೀಲ ಹಾಕಿ, ಬೆರಳುಗಳನ್ನು ಆಡಿಸಲು ಎಡೆ ಇರುವಂತೆ ಒಂದು ಅಳತೆ ದೊಡ್ಡ ಬೂಟು ಕೊಳ್ಳಿ.

ನೋವು ಬರುವುದು ಎಚ್ಚರಿಕೆ. ನೋವು ನಿಂತು ಮರಗಟ್ಟಿ, ಚರ್ಮ ಮೇಣದಂತೆ ಬಿಳಿಚಿಕೊಂಡರೆ ಅದು ಹಿಮಗಡಿತದ ಆರಂಭ. ಆಗ ಉಜ್ಜಬಾರದು, ಹಿಮವನ್ನಂತೂ ತಿಕ್ಕಲೇಬಾರದು. ಬೆಚ್ಚಗಿನ ಒಳಾಂಗಣಕ್ಕೆ ಹೋಗಿ 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಿಡಬೇಕು. ಮರಗಟ್ಟಿದ ಕೈಗೆ ಬಿಸಿ ತಿಳಿಯುವುದಿಲ್ಲವಾದ್ದರಿಂದ ನೀರಿನ ಬಿಸಿಯನ್ನು ಬೇರೆಯವರ ಕೈಯಿಂದ ಪರೀಕ್ಷಿಸಿಕೊಳ್ಳಿ, ಹೀಟರಿಗೆ ಒಡ್ಡಬೇಡಿ. ನೀರಿನಲ್ಲಿ ಇಟ್ಟ ಮೇಲೂ ಬಣ್ಣ ಮತ್ತು ಸ್ಪರ್ಶ ಮರಳದಿದ್ದರೆ ಅಥವಾ ಗುಳ್ಳೆ ಎದ್ದರೆ ಆಸ್ಪತ್ರೆಗೆ ಹೋಗುವುದೇ ಸರಿ.

ಬೀದರ್ ಬಿಸಿಲು

ನೀವೆಲ್ಲ ದೊಡ್ಡ ಚಳಿಯವರು. ನಮ್ಮದು ಸಣ್ಣ ಚಳಿ. ಆದರೂ ಡಿಸೆಂಬರ್ ಮುಂಜಾವಿನಲ್ಲಿ ಬೀದರ್‌ನ ಉಷ್ಣಾಂಶ ಒಂದಂಕಿಗೆ ಇಳಿಯುವುದುಂಟು, ಹೀಟರ್ ಇಲ್ಲದ ಮನೆಯಿಂದ ಹೊರಟವನಿಗೆ ಅದೂ ಕಡಿಮೆಯೇನಲ್ಲ. ಕಾಲೇಜಿನ ದಿನಗಳಲ್ಲಿ ಸೈಕಲ್ ಮೇಲೆ ಪತ್ರಿಕೆ ಹಾಕುತ್ತಿದ್ದಾಗ ನಮ್ಮ ಏಜೆಂಟರು ಕಲಿಸಿದ ಉಪಾಯವೊಂದಿದೆ. ಹಿಂದಿನ ದಿನದ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ, ಅಂಗಿ ಮತ್ತು ಸ್ವೆಟರಿನ ನಡುವೆ ಎದೆಗೆ ಹೊಂದಿಕೊಳ್ಳುವಂತೆ ಇಟ್ಟುಕೊಳ್ಳಬೇಕು. ಸ್ವೆಟರಿನ ಕಣ್ಣುಗಳಿಂದ ನುಗ್ಗುವ ಗಾಳಿಯನ್ನು ಆ ಕಾಗದ ತಡೆದುಬಿಡುತ್ತಿತ್ತು. ಬಿಸಿಲೇರಿದ ಮೇಲೆ ಅದನ್ನೇ ಹಾಸಿಕೊಂಡು ಕುಳಿತು ಚುರುಮುರಿ ತಿನ್ನುತ್ತಿದ್ದೆವು. ಸಾವಿರಾರು ರೂಪಾಯಿಯ ಜಾಕೆಟ್ ಮಾಡುವುದೂ ಇದನ್ನೇ ಅಲ್ಲವೇ?

ಮಿನಿಯಾಪೊಲಿಸ್ ಮಂಜ

ಇದನ್ನು ನಗೆಯ ಮಾತೆಂದು ಯಾರೂ ತಳ್ಳಿಹಾಕಬೇಡಿ. ಟೂರ್ ಡಿ ಫ್ರಾನ್ಸ್ ಸವಾರರು ಆಲ್ಪ್ಸ್ ಪರ್ವತದ ಕಣಿವೆದಾರಿ ಹತ್ತಿ ಬೆವರಿ, ಇಳಿಜಾರಿಗೆ ಹೊರಡುವ ಮುನ್ನ ಪ್ರೇಕ್ಷಕರ ಕೈಯಿಂದ ಪತ್ರಿಕೆ ಇಸಿದುಕೊಂಡು ಜೆರ್ಸಿಯೊಳಗೆ ತುರುಕಿಕೊಳ್ಳುತ್ತಿದ್ದದ್ದು ಇದೇ ಕಾರಣಕ್ಕೆ. ಸೈಕಲ್ ಸವಾರನಿಗೆ ಗಾಳಿತಡೆ ಬೇಕಿರುವುದು ಮುಂಭಾಗಕ್ಕೆ ಮಾತ್ರ. ಬೆನ್ನಿನ ಕಡೆ ತೆರೆದಿದ್ದಷ್ಟೂ ಬೆವರು ಹೊರಹೋಗುತ್ತದೆ. ಒಳ್ಳೆಯ ಸೈಕ್ಲಿಂಗ್ ಜಾಕೆಟ್‌ಗಳನ್ನು ಮುಂದೆ ಒಂದು ಬಟ್ಟೆ, ಹಿಂದೆ ಇನ್ನೊಂದು ಬಟ್ಟೆ ಇಟ್ಟು ಹೊಲಿಯುವುದು ಅದಕ್ಕಾಗಿಯೇ. ಬೆನ್ನಿಗೆ ಚೀಲ ಹೇರುವವರು ಇದನ್ನು ಗಮನಿಸಬೇಕು: ಲ್ಯಾಪ್‌ಟಾಪ್ ಚೀಲವನ್ನು ಬೆನ್ನಿನಿಂದ ಇಳಿಸಿ ಕ್ಯಾರಿಯರಿಗೆ ಕಟ್ಟಿದರೆ ನಿಮ್ಮ ಬೆವರಿನ ಸಮಸ್ಯೆ ಅರ್ಧಕ್ಕರ್ಧ ಅಲ್ಲಿಯೇ ಮುಗಿಯುತ್ತದೆ.

ನದಿಯಾಚೆಯವನು

ಚೀಲದ ಬಗ್ಗೆ ನಾನು ಹೇಳಿಯೇ ಇರಲಿಲ್ಲ, ಆದರೂ ನೀವು ಊಹಿಸಿದ್ದೀರಿ, ಬೆನ್ನಿಗೇ ಹಾಕುತ್ತೇನೆ. ಮೆರಿನೊ ಒಳಂಗಿಯ ಬೆಲೆ ನೋಡಿದೆ, ಎರಡು ಕೊಂಡರೆ ಈ ತಿಂಗಳ ದಿನಸಿಯ ದುಡ್ಡು ಹೋಗುತ್ತದೆ. ಊರಿನಿಂದ ತಂದ ಕುರಿ ಉಣ್ಣೆಯ ಕಂಬಳಿ ಇದೆ, ಅದರ ಬಟ್ಟೆಯಲ್ಲಿ ಒಳಂಗಿ ಹೊಲಿಸಿದರೆ ಆಗುತ್ತದೆಯೇ?

ಐಂಡ್‌ಹೋವನ್ ಅಮ್ಮ

ದಯವಿಟ್ಟು ಬೇಡ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಕುರುಬರು ನೇಯ್ದ ಕಂಬಳಿ ಮಳೆಗೂ ಚಳಿಗೂ ಹೊದೆಯಲು ಶ್ರೇಷ್ಠ, ಆದರೆ ಬರಿಮೈಗೆ ತಾಗಿದರೆ ನೀವು ಹ್ಯಾಂಡಲ್ ಬಿಟ್ಟು ಮೈ ಕೆರೆದುಕೊಳ್ಳುತ್ತ ಹೋಗಬೇಕಾಗುತ್ತದೆ. ಮೆರಿನೊ ಎಳೆ ಬಹಳ ನಯವಾದ್ದರಿಂದ ಚುಚ್ಚುವುದಿಲ್ಲ, ತೂಕದ ಮೂರನೆಯ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಒದ್ದೆಯೆನಿಸುವುದಿಲ್ಲ, ನಾಲ್ಕಾರು ದಿನ ಹಾಕಿದರೂ ನಾರುವುದಿಲ್ಲ. ಒಂದೇ ಕೊಂಡು ರಾತ್ರಿ ಗಾಳಿಗೆ ಹರವಿ ಮತ್ತೆ ಹಾಕಿಕೊಳ್ಳಬಹುದು.

ಕ್ಯಾಲ್ಗರಿ ಕಾಕಾ

ಮೆರಿನೊ ಭಕ್ತರ ಮಂಡಳಿಗೆ ನನ್ನ ವಿರೋಧವಿದೆ. ಪಾಲಿಯೆಸ್ಟರ್ ಒಳಂಗಿ ಅದರ ಕಾಲು ಭಾಗದ ಬೆಲೆಗೆ ಸಿಗುತ್ತದೆ, ಬೇಗ ಒಣಗುತ್ತದೆ, ತೊಳೆಯುವ ಯಂತ್ರದಲ್ಲಿ ಕುಗ್ಗುವುದಿಲ್ಲ, ನುಸಿ ತಿನ್ನುವುದಿಲ್ಲ. ನಾತದ ವಿಷಯದಲ್ಲಿ ಮಾತ್ರ ಅದು ಸೋಲುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ 8 ಕಿ.ಮೀ. ಹೋಗಿ ಕಚೇರಿಯಲ್ಲಿ ಬಟ್ಟೆ ಬದಲಿಸುವವನಿಗೆ ನಾತವೊಂದು ದೊಡ್ಡ ವಿಷಯವೇ? ದಿನವೂ ಸಂಜೆ ಸಿಂಕಿನಲ್ಲಿ ಹಿಂಡಿ ಹಾಕಿದರೆ ಬೆಳಗ್ಗೆಗೆ ಒಣಗಿರುತ್ತದೆ.

ಐಂಡ್‌ಹೋವನ್ ಅಮ್ಮ

ಅದು ದೊಡ್ಡ ವಿಷಯವೇ ಎಂದು ನಿಮ್ಮ ಪಕ್ಕದ ಮೇಜಿನವರನ್ನು ಕೇಳಬೇಕು, ನಮ್ಮನ್ನಲ್ಲ.

ಹಬ್ ಗೇರ್

ನಾನು ಹೆಲ್ಸಿಂಕಿಯಲ್ಲಿ ಸೈಕಲ್ ದುರಸ್ತಿ ಕೆಲಸ ಮಾಡುತ್ತೇನೆ. ಕೈಯ ಮಟ್ಟಿಗೆ ಗ್ಲೌಸುಗಳ ಮೇಲೆ ಹಣ ಸುರಿಯುವುದನ್ನು ನಿಲ್ಲಿಸಿ, ಹ್ಯಾಂಡಲಿಗೇ ಹಾಕುವ ಕವಚಗಳನ್ನು ಕೊಳ್ಳಿ ಎಂಬುದು ನನ್ನ ಸಲಹೆ. ಇವನ್ನು ಪೋಗಿ ಎನ್ನುತ್ತಾರೆ. ಹ್ಯಾಂಡಲ್ ತುದಿ, ಬ್ರೇಕ್, ಗೇರ್ ಎಲ್ಲವೂ ಚೀಲದಂಥ ಕವಚದೊಳಗೆ ಇರುತ್ತವೆ, ನೀವು ಕೈಯನ್ನು ಅದರೊಳಗೆ ತೂರಿಸುತ್ತೀರಿ. ಉತ್ತರ ಭಾರತದಲ್ಲಿ ಚಳಿಗಾಲದಲ್ಲಿ ಬೈಕ್ ಮತ್ತು ಸ್ಕೂಟರುಗಳಿಗೆ ಹಾಕಿರುವುದನ್ನು ನೋಡಿರುತ್ತೀರಿ. ಮೈನಸ್ 15ರಲ್ಲಿ ಇದರೊಳಗೆ ತೆಳುವಾದ ಉಣ್ಣೆಯ ಗ್ಲೌಸ್ ಸಾಕಾಗುತ್ತದೆ, ಆದ್ದರಿಂದ ಬ್ರೇಕ್ ಹಿಡಿಯುವ ಬೆರಳಿಗೆ ಚುರುಕುತನ ಉಳಿಯುತ್ತದೆ. ದಪ್ಪ ಗ್ಲೌಸ್ ಹಾಕಿ ಬ್ರೇಕ್ ಲಿವರ್ ಎಲ್ಲಿದೆ ಎಂದು ತಡಕಾಡುವವರನ್ನು ಕಂಡು ನನಗೆ ಭಯವಾಗುತ್ತದೆ.

ಇದು ಬೇಡ ಎನ್ನುವವರು ಮಿಟನ್ ಹಾಕಿ. ನಾಲ್ಕು ಬೆರಳು ಒಂದೇ ಗೂಡಿನಲ್ಲಿದ್ದರೆ ಒಂದರ ಶಾಖ ಇನ್ನೊಂದಕ್ಕೆ ಸಿಗುತ್ತದೆ. ತೋರುಬೆರಳೂ ನಡುಬೆರಳೂ ಒಂದು ಕಡೆ, ಉಳಿದೆರಡು ಬೆರಳು ಇನ್ನೊಂದು ಕಡೆ ಇರುವ ಏಡಿಯಾಕಾರದ ಗ್ಲೌಸುಗಳೂ ಇವೆ, ಅವು ಬ್ರೇಕಿಗೆ ಅನುಕೂಲ. ಬ್ರೇಕ್ ಲಿವರ್ ಲೋಹದ್ದಾಗಿದ್ದರೆ ಅದಕ್ಕೆ ಬಟ್ಟೆಯ ಟೇಪ್ ಅಥವಾ ಸೈಕಲ್ ಟ್ಯೂಬಿನ ತುಂಡು ಸುತ್ತಿ. ಬರಿ ಲೋಹ ಬೆರಳ ಬಿಸಿಯನ್ನು ಎಳೆದುಕೊಳ್ಳುತ್ತದೆ.

ಬೆಂಗಳೂರು ಬೆಚ್ಚಗೆ

ಕವಚದೊಳಗೆ ಕೈ ಸಿಕ್ಕಿಕೊಂಡು ಬಿದ್ದರೆ?

ಹಬ್ ಗೇರ್

ಕವಚದ ಬಾಯಿ ಅಗಲವಾಗಿರುತ್ತದೆ, ಕೈ ಸಲೀಸಾಗಿ ಹೊರಬರುತ್ತದೆ. ಬಿಗಿಯಾಗಿ ದಾರ ಕಟ್ಟುವ ಮಾದರಿಯನ್ನು ಕೊಳ್ಳಬೇಡಿ. ಬಿಡುವಿನ ದಿನ ಖಾಲಿ ಮೈದಾನದಲ್ಲಿ ಕೈ ಹೊರಗೆಳೆದು ಸನ್ನೆ ತೋರಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಕ್ಯಾಲ್ಗರಿ ಕಾಕಾ

ಬೀಳುವ ಮಾತು ಬಂದದ್ದರಿಂದ ಟೈರ್ ಬಗ್ಗೆ ಹೇಳುತ್ತೇನೆ. ಇದು ವಿಷಯಾಂತರವಲ್ಲ, ಚಳಿಗೂ ಸಂಬಂಧವಿದೆ. ಜಾರುತ್ತೇನೆ ಎಂಬ ಭಯವಿದ್ದವನು ಹ್ಯಾಂಡಲನ್ನು ಉಡದಂತೆ ಹಿಡಿದುಕೊಂಡಿರುತ್ತಾನೆ, ಆ ಬಿಗಿಹಿಡಿತದಲ್ಲೇ ಬೆರಳಿನ ರಕ್ತ ಅರ್ಧ ನಿಂತಿರುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಮೊಳೆಗಳಿರುವ ಟೈರ್ ಹಾಕಿದ ದಿನವೇ ನನ್ನ ಕೈ ಸಡಿಲವಾಯಿತು, ಬೆಚ್ಚಗೂ ಆಯಿತು. ನಮ್ಮಲ್ಲಿ ರಾಕೀಸ್ ಪರ್ವತದ ಕಡೆಯಿಂದ ಚಿನೂಕ್ ಎಂಬ ಬೆಚ್ಚನೆಯ ಗಾಳಿ ಬೀಸಿ ಹಗಲಿನಲ್ಲಿ ಹಿಮವೆಲ್ಲ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ, ಬೆಳಗ್ಗೆ ರಸ್ತೆ ಗಾಜಿನಂತಾಗಿರುತ್ತದೆ. ಅಂಥಲ್ಲಿ ಮೊಳೆ ಟೈರ್ ಇಲ್ಲದೆ ಹೊರಡುವುದು ಹುಂಬತನ.

ನದಿಯಾಚೆಯವನು

ಔಲುವಿನಲ್ಲಿ ಸ್ಥಿತಿ ಸ್ವಲ್ಪ ಬೇರೆ. ಇಲ್ಲಿ 900 ಕಿ.ಮೀ.ಗೂ ಹೆಚ್ಚು ಸೈಕಲ್ ಹಾದಿಗಳಿವೆ. 2013ರಲ್ಲಿ ಚಳಿಗಾಲದ ಸೈಕಲ್ ಸವಾರಿಯ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ನಡೆದದ್ದು ಇದೇ ಊರಿನಲ್ಲಿ. ಹಾದಿಯ ಹಿಮವನ್ನು ಪೂರ್ತಿ ಬಳಿದು ತೆಗೆಯದೆ ಒತ್ತಿ ಗಟ್ಟಿಮಾಡಿ ಮೇಲೆ ಜಲ್ಲಿಪುಡಿ ಚೆಲ್ಲುತ್ತಾರೆ. ಮೈನಸ್ 15ರಲ್ಲಿ ಆ ಒತ್ತಿದ ಹಿಮ ಒಣಗಿದ್ದು, ಚಕ್ರದ ಕೆಳಗೆ ಕಿರ್ ಕಿರ್ ಎನ್ನುತ್ತದೆಯೇ ಹೊರತು ಜಾರುವುದಿಲ್ಲ. ಪಕ್ಕದ ಮನೆಯ ವೃದ್ಧರು ಮೊಳೆಯಿಲ್ಲದ ಹಳೆಯ ಟೈರಿನಲ್ಲೇ ಓಡಾಡುತ್ತಾರೆ. ಆದರೂ ಸೊನ್ನೆಯ ಆಸುಪಾಸಿನ ದಿನಗಳಿಗಾಗಿ ಮುಂದಿನ ಚಕ್ರಕ್ಕಾದರೂ ಮೊಳೆ ಟೈರ್ ಹಾಕಬೇಕೆಂದಿದ್ದೇನೆ.

ಹಬ್ ಗೇರ್

ಒಂದೇ ಹಾಕುವುದಾದರೆ ಮುಂದಿನದಕ್ಕೇ ಹಾಕಬೇಕು, ನಿಮ್ಮ ಯೋಚನೆ ಸರಿಯಾಗಿದೆ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ ಗತಿ. ಹೊಸ ಮೊಳೆ ಟೈರನ್ನು ಮೊದಲ 50 ಕಿ.ಮೀ.ಯಷ್ಟು ಡಾಂಬರಿನ ಮೇಲೆ, ಜೋರಾಗಿ ಬ್ರೇಕ್ ಹಾಕದೆ ಓಡಿಸಿದರೆ ಮೊಳೆಗಳು ಗಟ್ಟಿಯಾಗಿ ಕೂರುತ್ತವೆ.

ಬೀದರ್ ಬಿಸಿಲು

ಕೈಗೆ ಕವಚ, ಕಾಲಿಗೆ ಬೂಟು, ಚಕ್ರಕ್ಕೆ ಮೊಳೆ. ಹೊರಡುವ ಮುನ್ನ ಹೊಟ್ಟೆಗೇನು ಹಾಕುತ್ತೀರಿ ಎಂದು ಯಾರೂ ಹೇಳಲಿಲ್ಲ. ನಮ್ಮ ಕಡೆ ಶುಂಠಿ, ಮೆಣಸು ಕುಟ್ಟಿ ಬೆಲ್ಲ ಹಾಕಿದ ಕಷಾಯ ಕುಡಿದರೆ ಕಿವಿಯಲ್ಲೂ ಬಿಸಿ ಬರುತ್ತದೆ. ಕೆಲವರು ಒಂದು ಗುಟುಕು ಬ್ರಾಂದಿಯನ್ನೂ ಶಿಫಾರಸು ಮಾಡುತ್ತಾರೆ.

ಸಾಗರದ ವೈದ್ಯೆ

ಕಷಾಯಕ್ಕೆ ಅಡ್ಡಿಯಿಲ್ಲ, ಬ್ರಾಂದಿಗೆ ಖಂಡಿತ ಅಡ್ಡಿಯಿದೆ. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬಿಸಿಯಾದಂತೆ ಅನಿಸುವುದು ಒಳಗಿನ ಶಾಖ ಹೊರಗೆ ಸೋರುತ್ತಿರುವುದರಿಂದ. ಕುಡಿದು ಸೈಕಲ್ ಓಡಿಸುವ ಅಪಾಯವನ್ನು ಬೇರೆ ಹೇಳಬೇಕಾಗಿಲ್ಲ. ಹೊರಡುವ ಮುನ್ನ ಗಟ್ಟಿಯಾಗಿ ತಿಂಡಿ ತಿನ್ನುವುದು ಎಲ್ಲಕ್ಕಿಂತ ಒಳ್ಳೆಯದು.

ಇನ್ನೊಂದು ಮಾತನ್ನು ಸೇರಿಸುತ್ತೇನೆ. ಅಸ್ತಮಾ ಇರುವವರಿಗೆ ಒಣಗಿದ ತಣ್ಣನೆಯ ಗಾಳಿಯನ್ನು ಜೋರಾಗಿ ಎಳೆದುಕೊಳ್ಳುವುದರಿಂದ ಉಬ್ಬಸ ಕೆರಳುತ್ತದೆ. ಬಾಯಿ ಮೂಗಿನ ಮೇಲೆ ತೆಳುವಾದ ಉಣ್ಣೆಯ ಪಟ್ಟಿ ಏರಿಸಿಕೊಂಡರೆ ಉಸಿರಿನ ಬಿಸಿ ಮತ್ತು ತೇವ ಅದರಲ್ಲೇ ಉಳಿದು, ಒಳಗೆ ಹೋಗುವ ಗಾಳಿ ಸ್ವಲ್ಪ ಮೆತ್ತಗಾಗುತ್ತದೆ. ಇನ್ಹೇಲರನ್ನು ಚೀಲದಲ್ಲಲ್ಲ, ಮೈಗೆ ಹತ್ತಿರದ ಒಳಜೇಬಿನಲ್ಲಿ ಇಟ್ಟುಕೊಳ್ಳಿ. ತಣ್ಣಗಾದ ಇನ್ಹೇಲರ್ ಸರಿಯಾಗಿ ಸಿಂಪಡಿಸುವುದಿಲ್ಲ.

ಲೆಕ್ಕದ ಮೇಷ್ಟ್ರು

ಮೂಗಿನ ಮೇಲೆ ಪಟ್ಟಿ ಏರಿಸಿದರೆ ಕನ್ನಡಕ ಮಸುಕಾಗುತ್ತದೆ. ಸಿಗ್ನಲ್‌ನಲ್ಲಿ ನಿಂತ ಕೂಡಲೇ ಕುರುಡನಾಗುತ್ತೇನೆ, ಮೈನಸ್ 10ರ ಕೆಳಗೆ ಆ ಮಸುಕು ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಕನ್ನಡಕ ಹಾಕುವವರು ಏನು ಮಾಡುತ್ತೀರಿ?

ಮಿನಿಯಾಪೊಲಿಸ್ ಮಂಜ

ಕನ್ನಡಕದ ಮೇಲೆಯೇ ಕೂರುವ ಸ್ಕೀ ಗಾಗಲ್ಸ್ ಸಿಗುತ್ತದೆ. ಅದು ಹೆಚ್ಚೆನಿಸಿದರೆ, ಮೂಗಿನ ಮೇಲ್ಭಾಗದಲ್ಲಿ ಬಗ್ಗುವ ತಂತಿ ಇರುವ ಮುಖಪಟ್ಟಿಯನ್ನು ಬಳಸಿ, ಉಸಿರು ಕೆಳಮುಖವಾಗಿ ಹೋಗುತ್ತದೆ. ನಿಲ್ಲುವಾಗ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದರೆ ಗಾಳಿಯಾಡಿ ಮಸುಕು ಬೇಗ ಬಿಡುತ್ತದೆ. ನನಗೆ ಅದೃಷ್ಟವಶಾತ್ ಸಿಗ್ನಲ್‌ಗಳೇ ಕಡಿಮೆ. ಹಳೆಯ ರೈಲು ಹಳಿಯ ತಗ್ಗಿನಲ್ಲಿ ಮಾಡಿರುವ ಮಿಡ್‌ಟೌನ್ ಗ್ರೀನ್‌ವೇ ಎಂಬ ಸೈಕಲ್ ಹಾದಿಯಲ್ಲಿ ಹೋಗುತ್ತೇನೆ. ತಗ್ಗಿನಲ್ಲಿರುವುದರಿಂದ ಗಾಳಿಯ ಹೊಡೆತವೂ ಅಲ್ಲಿ ಕಡಿಮೆ. ಹಾದಿ ಸ್ವಲ್ಪ ಸುತ್ತಾದರೂ ಮರ ಮತ್ತು ಕಟ್ಟಡಗಳ ಮರೆ ಇರುವ ಕಡೆ ಹೋಗುವುದು ಒಂದು ಜಾಕೆಟ್ ಹೆಚ್ಚು ಹಾಕುವುದಕ್ಕಿಂತ ಮೇಲು.

ಹೇಳಲು ಸಂಕೋಚವಾದರೂ ಗಂಡಸರಿಗೆ ಇನ್ನೊಂದು ಮಾತು: ಎದೆಗೆ ಗಾಳಿತಡೆ ಹಾಕಿ ಸೊಂಟದ ಕೆಳಗೆ ಬರಿ ಜೀನ್ಸ್ ಹಾಕಿದವರು ಎದುರುಗಾಳಿಯಲ್ಲಿ ಎಲ್ಲಿ ಚಳಿಯಾಯಿತೆಂದು ಯಾರಿಗೂ ಹೇಳಲಾಗದೆ ಒದ್ದಾಡುತ್ತಾರೆ. ಮುಂಭಾಗದಲ್ಲಿ ಗಾಳಿತಡೆ ಪದರವಿರುವ ಒಳಚಡ್ಡಿಗಳು ಸ್ಕೀ ಅಂಗಡಿಗಳಲ್ಲಿ ಸಿಗುತ್ತವೆ. ಬೀದರ್‌ನವರ ಪತ್ರಿಕೆಯನ್ನು ಅಲ್ಲಿ ಪ್ರಯೋಗಿಸಬೇಡಿ.

ಬೀದರ್ ಬಿಸಿಲು

ಭಾನುವಾರದ ಪುರವಣಿ ಮೆತ್ತಗಿರುತ್ತದೆ.

ಐಂಡ್‌ಹೋವನ್ ಅಮ್ಮ

ಎಲ್ಲರೂ ಮೈನಸ್ 15ರ ಬಗ್ಗೆಯೇ ಬರೆಯುತ್ತಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಅತಿ ಕೆಟ್ಟ ಚಳಿ ಇರುವುದು ಸೊನ್ನೆಗಿಂತ ಮೇಲೆ. ಇಲ್ಲಿ 3 ಡಿಗ್ರಿ, ಅಡ್ಡಮಳೆ, ಎದುರುಗಾಳಿ ಮೂರೂ ಒಟ್ಟಿಗೆ ಬರುತ್ತವೆ. ಔಲುವಿನ ಹಿಮವನ್ನು ಕೊಡವಿದರೆ ಉದುರುತ್ತದೆ; ಈ ಮಳೆ ಗ್ಲೌಸಿನ ಹೊಲಿಗೆಯಿಂದ ಇಳಿದು, ಶೂವಿನ ಲೇಸಿನ ಕಣ್ಣುಗಳಿಂದ ನುಗ್ಗಿ, ಕಾಲುಚೀಲದಲ್ಲಿ ಕೆರೆ ಕಟ್ಟುತ್ತದೆ. ಇದಕ್ಕೆ ಉಣ್ಣೆಯೊಂದೇ ಸಾಲದು, ಶೂವಿನ ಮೇಲೆ ಹಾಕುವ, ರಬ್ಬರಿನಂಥ ನಿಯೊಪ್ರೀನ್ ಕವಚವೇ ಬೇಕು. ಅದು ಇಲ್ಲದ ದಿನ ಕಾಲುಚೀಲದ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಹಾಕಿ ಶೂ ತೊಟ್ಟರೂ ನಡೆಯುತ್ತದೆ, ಕಚೇರಿಯಲ್ಲಿ ಯಾರೂ ನೋಡದಂತೆ ತೆಗೆದರಾಯಿತು.

ಕಬ್ಬಿಣದ ಪುಡಿ ತುಂಬಿದ, ಬಿಸಿಯಾಗುವ ಪೊಟ್ಟಣಗಳನ್ನು ಶೂವಿನೊಳಗೆ ಹಾಕಿ ನೋಡಿದೆ, ಬಿಸಿಯೇ ಆಗಲಿಲ್ಲ. ಅದಕ್ಕೆ ಕಾರಣವೇನು?

ಲೆಕ್ಕದ ಮೇಷ್ಟ್ರು

ಕಬ್ಬಿಣ ತುಕ್ಕು ಹಿಡಿಯುವಾಗ ಹೊರಬರುವ ಶಾಖವೇ ಅದರ ಬಿಸಿ. ತುಕ್ಕು ಹಿಡಿಯಲು ಆಮ್ಲಜನಕ ಬೇಕು. ಬಿಗಿಯಾದ ಶೂವಿನೊಳಗೆ, ಅದೂ ಮೇಲೊಂದು ಪ್ಲಾಸ್ಟಿಕ್ ಚೀಲವಿದ್ದರೆ, ಅದಕ್ಕೆ ಗಾಳಿ ಎಲ್ಲಿಂದ ಸಿಗಬೇಕು? ಪೊಟ್ಟಣ ಒಡೆದ ಮೇಲೆ ಹೊರಗೆ ಹತ್ತು ಹದಿನೈದು ನಿಮಿಷ ಬಿಟ್ಟು ಬಿಸಿಯಾದ ನಂತರ ಹಾಕಿ. ಕೈಗೆ ಬಳಸುವುದನ್ನು ಕಾಲಿಗೆ ಬಳಸಬೇಡಿ, ಕಾಲಿನದನ್ನು ಕಡಿಮೆ ಗಾಳಿಯಲ್ಲಿ ಕೆಲಸ ಮಾಡುವಂತೆ ಬೇರೆಯಾಗಿ ತಯಾರಿಸುತ್ತಾರೆ.

ನದಿಯಾಚೆಯವನು

ಎಲ್ಲರಿಗೂ ಧನ್ಯವಾದ. ಇಂದು ಡೌನ್ ಜಾಕೆಟನ್ನು ಮನೆಯಲ್ಲೇ ಬಿಟ್ಟು, ಅಂಗಡಿಯ ರಿಯಾಯಿತಿಯ ಬುಟ್ಟಿಯಲ್ಲಿ ಸಿಕ್ಕ ಪಾಲಿಯೆಸ್ಟರ್ ಒಳಂಗಿ, ಹಳೆಯ ಸ್ವೆಟರ್, ಮಳೆಗಾಲಕ್ಕೆಂದು ತಂದಿದ್ದ ತೆಳು ಜಾಕೆಟ್ ಹಾಕಿ, ಚೀಲವನ್ನು ಕ್ಯಾರಿಯರಿಗೆ ಕಟ್ಟಿ ಹೊರಟೆ. ಬಾಗಿಲಲ್ಲಿ ಹಲ್ಲು ಕಟಕಟಿಸಿತು. ಸೇತುವೆಯಾಚೆಯ ತುಯಿರಾ ಬಡಾವಣೆ ದಾಟುವಾಗ ಕುತ್ತಿಗೆಯ ಜಿಪ್ ಇಳಿಸಬೇಕಾಯಿತು. ಬೆನ್ನು ಒದ್ದೆಯಾಗಿತ್ತು, ಆದರೆ ಹಿಂಡುವಷ್ಟಲ್ಲ. ಕೈ ಮಾತ್ರ ಹಾಗೆಯೇ ಇದೆ, ಪೋಗಿಗೆ ಆರ್ಡರ್ ಮಾಡಿದ್ದೇನೆ.

ಇನ್ನೊಂದು ಸಂದೇಹ. ಕಚೇರಿಯಲ್ಲಿ ಸೈಕಲನ್ನು ಬೆಚ್ಚಗಿನ ನೆಲಮಾಳಿಗೆಯಲ್ಲಿ ಇಡಲು ಅವಕಾಶವಿದೆ. ಸಂಜೆ ಹೊರಗೆ ತಂದ ಸ್ವಲ್ಪ ಹೊತ್ತಿಗೆ ಗೇರ್ ಬದಲಾಗುವುದೇ ಇಲ್ಲ, ನಿನ್ನೆ ಪೆಡಲ್ ಕೂಡ ಖಾಲಿ ತಿರುಗಿತು. ಅರ್ಧ ದಾರಿ ತಳ್ಳಿಕೊಂಡು ಬಂದೆ, ತುಳಿಯದೆ ನಡೆದದ್ದರಿಂದ ಆ ತೆಳು ಬಟ್ಟೆಯಲ್ಲಿ ಸಾಕುಬೇಕಾಯಿತು.

ಹಬ್ ಗೇರ್

ನೆಲಮಾಳಿಗೆಯೇ ಗೇರಿನ ತೊಂದರೆಗೆ ಕಾರಣ. ಬೆಚ್ಚಗಿನ ಕಡೆ ಹಿಮ ಕರಗಿ ನೀರಾಗಿ ಗೇರ್ ಕೇಬಲಿನ ಕವಚದೊಳಗೆ ಇಳಿಯುತ್ತದೆ, ಹೊರಗೆ ಬಂದೊಡನೆ ಅದೇ ನೀರು ಮಂಜುಗಡ್ಡೆಯಾಗಿ ಕೇಬಲನ್ನು ಹಿಡಿದುಕೊಳ್ಳುತ್ತದೆ. ದಿನವಿಡೀ ಇಟ್ಟು ಪೂರ್ತಿ ಒಣಗಿಸಲು ಆಗುವುದಾದರೆ ಸರಿ, ಇಲ್ಲವಾದರೆ ಮಾಡು ಇರುವ ಹೊರಗಿನ ತಂಗುದಾಣದಲ್ಲೇ ತಣ್ಣಗೆ ನಿಲ್ಲಿಸಿ. ಪೆಡಲ್ ಖಾಲಿ ತಿರುಗಿದ್ದು ಹಿಂದಿನ ಚಕ್ರದ ಫ್ರೀಹಬ್ ಒಳಗಿನ ಗ್ರೀಸ್ ಗಟ್ಟಿಯಾಗಿ, ಹಲ್ಲಿಗೆ ಸಿಕ್ಕಿಕೊಳ್ಳಬೇಕಾದ ಪುಟ್ಟ ಕೊಂಡಿಗಳು ಮೇಲೇಳದೆ ಅಂಟಿಕೊಂಡಿದ್ದರಿಂದ. ಅಂಗಡಿಗೆ ಒಯ್ದು ಹಳೆಯ ಗ್ರೀಸ್ ತೊಳೆಸಿ, ಶೀತಕ್ಕೆ ಗಟ್ಟಿಯಾಗದ ತೆಳುವಾದದ್ದನ್ನು ಹಾಕಿಸಿ.

ಕೆಟ್ಟು ನಿಂತಾಗ ಏನು ಎಂಬುದನ್ನು ಇಲ್ಲಿ ಯಾರೂ ಹೇಳಿರಲಿಲ್ಲ, ಈಗ ನೀವೇ ಕಂಡಿದ್ದೀರಿ. ತೆಳು ಬಟ್ಟೆಯ ಲೆಕ್ಕವೆಲ್ಲ ತುಳಿಯುತ್ತಿರುವವರೆಗೆ ಮಾತ್ರ. ಆ ಡೌನ್ ಜಾಕೆಟನ್ನು ಬೀರುವಿಗೆ ಸೇರಿಸಬೇಡಿ. ಸುತ್ತಿ ಕ್ಯಾರಿಯರ್ ಚೀಲದ ತಳದಲ್ಲಿ ಇಟ್ಟುಕೊಳ್ಳಿ, ಜೊತೆಗೆ ಒಂದು ಜೊತೆ ಒಣ ಗ್ಲೌಸ್. ಪಂಕ್ಚರ್ ಆದಾಗ ಮೊದಲು ಜಾಕೆಟ್ ಹಾಕಿಕೊಂಡು, ಆಮೇಲೆ ಟೈರಿಗೆ ಕೈ ಹಚ್ಚಿ. ನಿಮ್ಮೂರಿನ ಹಾದಿಯ ಜಲ್ಲಿಪುಡಿ ಮೊನಚಾಗಿರುತ್ತದೆ, ಏಪ್ರಿಲ್‌ನಲ್ಲಿ ಗುಡಿಸುವವರೆಗೂ ಪಂಕ್ಚರ್ ತಪ್ಪಿದ್ದಲ್ಲ.

ಕ್ಯಾಲ್ಗರಿ ಕಾಕಾ

ವಿದ್ಯುತ್ ಸೈಕಲ್ ಇರುವವರು ಮಾತ್ರ ಬ್ಯಾಟರಿಯನ್ನು ಬಿಚ್ಚಿ ಒಳಗೆ ತರಬೇಕು. ಸೊನ್ನೆಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಿದರೆ ಒಳಗೆ ಲೋಹ ಶೇಖರವಾಗಿ ಅದು ಶಾಶ್ವತವಾಗಿ ಹಾಳಾಗುತ್ತದೆ. ಅಂದಹಾಗೆ, ಮೋಟಾರ್ ಹೆಚ್ಚು ದುಡಿದಷ್ಟೂ ಸವಾರ ಕಡಿಮೆ ದುಡಿಯುತ್ತಾನೆ, ಆದ್ದರಿಂದ ಮಂಜ ಅವರ ಮೂರು ತೆಳು ಪದರದ ಸೂತ್ರ ಅವರಿಗೆ ಸಾಲದು. ನಡುವೆ ಇನ್ನೊಂದು ಫ್ಲೀಸ್ ಸೇರಿಸಿಕೊಳ್ಳಬೇಕು.

ಮಿನಿಯಾಪೊಲಿಸ್ ಮಂಜ

ಅಥವಾ ಮೋಟಾರನ್ನು ಒಂದು ಹಂತ ಇಳಿಸಿಕೊಳ್ಳಬೇಕು. ಫ್ಲೀಸಿಗಿಂತ ಅದು ಅಗ್ಗ.